ಕಾಸರಗೋಡಿನಿಂದ ಕಾಞಂಗಾಡಿಗೆ: ಹೆದ್ದಾರಿಯೋ, ಚಂದ್ರಗಿರಿ ರಸ್ತೆಯೋ?

ಒದ್ದೆ ನೆಲಕ್ಕೆ ಡಾಮರು ಹಿಡಿಯುವುದಿಲ್ಲ. ಹಾಗಾಗಿ ಮಳೆ ಬಿಟ್ಟ ಮೇಲೆ ಎಲ್ಲ ಕಡೆ ಒಟ್ಟಿಗೇ ಕೆಲಸ ಶುರು. ಯಾವ ದಾರಿ ಹಿಡಿಯುವುದು?

ಚೆರ್ಕಳ, ಚಟ್ಟಂಚಾಲ್, ಪೆರಿಯ ಮೂಲಕ ಹೋಗುವ ರಾಷ್ಟ್ರೀಯ ಹೆದ್ದಾರಿ 66 ಸುತ್ತು. ಷಟ್ಪಥ ಮುಗಿದ ಕಡೆ ಗಾಡಿ ಸಲೀಸು. ಮುಗಿಯದ ಕಡೆ ಸರ್ವಿಸ್ ರಸ್ತೆಗೆ ಇಳಿಯಬೇಕು, ಮುಂದೆ ಟ್ಯಾಂಕರ್ ಇದ್ದರೆ ಅದರ ಹಿಂದೆಯೇ ತೆವಳಬೇಕು. ಮಳೆಗಾಲದಲ್ಲಿ ತೆಕ್ಕಿಲ್ ಹತ್ತಿರ ಕಡಿದ ಗುಡ್ಡ ಜರಿಯುವ ಭಯ ಬೇರೆ.

ಚಂದ್ರಗಿರಿ ಸೇತುವೆ ದಾಟಿ ಮೇಲ್ಪರಂಬ, ಉದುಮ, ಬೇಕಲದ ಮೇಲೆ ಹೋದರೆ ಹತ್ತಿರ. ಆದರೆ ಪೇಟೆಗಳು ಜಾಸ್ತಿ, ಬಸ್ಸು ನಿಂತಲ್ಲೆಲ್ಲ ನಾವೂ ನಿಲ್ಲಬೇಕು. ಭಾನುವಾರ ಸಂಜೆ ಬೇಕಲ ಕೋಟೆಯ ಜನಜಂಗುಳಿ ಕೇಳುವುದೇ ಬೇಡ. ಸೇತುವೆಯ ಜಾಯಿಂಟ್ ರಿಪೇರಿ ಬಂತೆಂದರೆ ಅರ್ಧ ರಸ್ತೆ ಮುಚ್ಚಿ, ಉಳಿದರ್ಧದಲ್ಲಿ ಒಮ್ಮೆ ಆ ಕಡೆಯವರನ್ನು, ಒಮ್ಮೆ ಈ ಕಡೆಯವರನ್ನು ಬಿಡುತ್ತಾರೆ. ಹೊಸ ಕಾಂಕ್ರೀಟ್ ಗಟ್ಟಿಯಾಗುವವರೆಗೆ ಕಾಯಲೇಬೇಕು, ಅಲ್ವಾ?

ಬೈಕು, ಕಾರಿನವರಿಗೆ ನಾನು ಹೇಳುವುದು ಚಂದ್ರಗಿರಿ ರಸ್ತೆ. ಸೇತುವೆ ಕೆಲಸ ಇರುವಾಗ ಮಾತ್ರ ಚೆರ್ಕಳದ ಕಡೆ ತಿರುಗಿ. ಲೋಡು ಗಾಡಿಯವರು ಸುಮ್ನೆ ಹೆದ್ದಾರಿಯಲ್ಲೇ ಹೋಗಿ.