ಕುಂಡ, ಚೀಲ, ಬಕೆಟ್, ಹಿತ್ತಲು: ಒಂದೇ ಒಟ್ಟಲಿನ ಸಸಿ ನಾಲ್ಕು ಕಡೆ

ನಮ್ಮದು ಮೈಸೂರಿನಲ್ಲಿ 30-40ರ ಸೈಟು. ಹಿಂದೆ ಐದಡಿ ಅಗಲದ ಹಿತ್ತಲು, ಮೇಲೆ ಖಾಲಿ ತಾರಸಿ. ತರಕಾರಿ ಎಲ್ಲಿ ಹಾಕಬೇಕು ಅನ್ನೋದರಲ್ಲಿ ನನಗೂ ನಮ್ಮ ಅತ್ತೆಗೂ ಹೊಂದುತ್ತಿರಲಿಲ್ಲ. ಅವರು ಹಿತ್ತಲಿನ ಕಡೆ. "ಬೇರು ಕಾಲು ಚಾಚೋಕೆ ಜಾಗ ಬೇಡ್ವಾ? ಚೀಲದೊಳಗೆ ಎಷ್ಟು ಅಂತ ಹೋಗುತ್ತೆ ಅದು?" ಎನ್ನುತ್ತಿದ್ದರು. ನನಗೆ ತಾರಸಿಯ ಬಿಸಿಲಿನ ಆಸೆ. ಹಿತ್ತಲಿಗೆ ಪಕ್ಕದ ಮನೆಯ ತೆಂಗಿನ ನೆರಳು ಮಧ್ಯಾಹ್ನ ಎರಡಕ್ಕೇ ಬಂದುಬಿಡುತ್ತದೆ.

ಮಾತಿನಲ್ಲಿ ತೀರುವುದಲ್ಲ ಅಂತ ಕಳೆದ ವರ್ಷ ಜನವರಿ ಕೊನೆಯಲ್ಲಿ ಎರಡು ಕಡೆಯೂ ಹಾಕಿದೆವು. ಒಂದೇ ಒಟ್ಟಲಿನ ಸಸಿ: ನಾಟಿ ಟೊಮೆಟೊ, ಹಸಿಮೆಣಸಿನಕಾಯಿ, ನಮ್ಮೂರಿನದೇ ಆದ ಈರನಗೆರೆ ಬದನೆ. ಬೆಂಡೆಯನ್ನು ಮಾತ್ರ ಬೀಜ ಊರಿದೆವು, ಅದರ ತಾಯಿಬೇರು ಕಿತ್ತು ನೆಟ್ಟರೆ ಮುನಿಸಿಕೊಳ್ಳುತ್ತದೆ. ತಾರಸಿಯಲ್ಲಿ 12 ಇಂಚಿನ ಮಣ್ಣಿನ ಕುಂಡ, 12 ಮತ್ತು 15 ಇಂಚಿನ ಗ್ರೋ ಬ್ಯಾಗ್ (ಗಿಡ ಬೆಳೆಸುವ ಚೀಲ), 20 ಲೀಟರಿನ ಪೇಂಟ್ ಬಕೆಟ್. ಕೆಳಗೆ ಹಿತ್ತಲಿನ ಪಾತಿ. ತಾರಸಿಯಲ್ಲಿ ಎಲ್ಲಕ್ಕೂ ಒಂದೇ ಮಿಶ್ರಣ: ಕೆಂಪು ಮಣ್ಣು ಒಂದು ಪಾಲು, ಗೊಬ್ಬರ ಒಂದು ಪಾಲು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಒಂದು ಪಾಲು, ಮೇಲೊಂದು ಹಿಡಿ ಬೇವಿನ ಹಿಂಡಿ.

ಕೋಕೋಪೀಟ್ ಬಗ್ಗೆ ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಅದರಲ್ಲಿ ಉಪ್ಪಿನಂಶ ಇರುತ್ತದೆ. ಇದಕ್ಕೂ ಹಿಂದೊಮ್ಮೆ ನಾನು ತಂದ ಕೋಕೋಪೀಟ್ ಇಟ್ಟಿಗೆಯನ್ನು ನೆನೆಸಿ ಹಾಗೇ ಬೆರೆಸಿದ್ದೆ. ಮೆಣಸಿನ ಎಲೆಗಳ ಅಂಚು ಸುಟ್ಟ ಹಾಗೆ ಆಯಿತು. ಈಗ ಎರಡು ಮೂರು ಸಲ ನೀರು ಬದಲಿಸಿ, ಹಿಂಡಿ, ಆಮೇಲೆ ಬಳಸುತ್ತೇನೆ.

ಚೀಲ ಕೊಳ್ಳುವಾಗ ಇಂಚು ನೋಡಿ ಮೋಸ ಹೋಗಬೇಡಿ. 12 ಮತ್ತು 15ಕ್ಕೆ ಮೂರೇ ಇಂಚು ವ್ಯತ್ಯಾಸ ಅನ್ನಿಸುತ್ತದೆ, ಅಲ್ವಾ? 12 ಇಂಚು ಅಗಲ, 12 ಇಂಚು ಎತ್ತರದ ಚೀಲಕ್ಕೆ ಹಿಡಿಯುವುದು ಸುಮಾರು 22 ಲೀಟರು. 15ರದಕ್ಕೆ 43 ಲೀಟರು. ಹತ್ತಿರ ಹತ್ತಿರ ಎರಡರಷ್ಟು. ಮಣ್ಣಿನ ಕುಂಡ ಕೆಳಗೆ ಕಿರಿದಾಗುವುದರಿಂದ 12 ಇಂಚಿನದರಲ್ಲಿ 22 ಲೀಟರು ಕೂಡ ಇರುವುದಿಲ್ಲ.

ಫೆಬ್ರವರಿ, ಮಾರ್ಚ್‌ನಲ್ಲಿ ಎಲ್ಲವೂ ಒಂದೇ ಥರ ಚೆನ್ನಾಗಿದ್ದವು. ನಿಜವಾದ ಪರೀಕ್ಷೆ ಏಪ್ರಿಲ್‌ನಲ್ಲಿ ಆಯಿತು. ಮನೆಯವರ ಕಡೆ ಮದುವೆ, ಎಲ್ಲರೂ ನಾಲ್ಕು ದಿನ ಊರಿಗೆ ಹೋದೆವು. ನೀರು ಹಾಕುವವರು ಯಾರೂ ಇರಲಿಲ್ಲ. ಹೊರಡುವ ಬೆಳಿಗ್ಗೆ ಎಲ್ಲಕ್ಕೂ ಕೆಳಗಿನ ತೂತಿನಿಂದ ನೀರು ಇಳಿಯುವ ತನಕ ಹಾಕಿದ್ದೆ.

ಬಂದು ಮೆಟ್ಟಿಲು ಹತ್ತಿ ನೋಡಿದರೆ ಹೊಟ್ಟೆ ಉರಿಯಿತು. ಮಣ್ಣಿನ ಕುಂಡಗಳ ಮೆಣಸಿನ ಗಿಡ ಕಡ್ಡಿಯಾಗಿತ್ತು. 12 ಇಂಚಿನ ಚೀಲದ ಟೊಮೆಟೊ ಎರಡರಲ್ಲಿ ಒಂದು ಸತ್ತಿತ್ತು, ಇನ್ನೊಂದು ಅರ್ಧ ಜೀವ. 15 ಇಂಚಿನ ಚೀಲಗಳಲ್ಲಿ ಗಿಡ ಜೋತುಬಿದ್ದಿತ್ತು, ಆದರೆ ಸಂಜೆ ನೀರು ಕೊಟ್ಟ ಮೇಲೆ ಬೆಳಗಾಗುವುದರೊಳಗೆ ಎದ್ದು ನಿಂತಿತು. ಬಕೆಟ್‌ನ ಬದನೆಗೆ ಬರೀ ಕೆಳಗಿನ ನಾಲ್ಕೆಲೆ ಹಳದಿಯಾಗಿದ್ದವು. ಹಿತ್ತಲಲ್ಲಿ ಏನೂ ಆಗಿರಲಿಲ್ಲ. ಬೆಂಡೆಕಾಯಿ ಬಲಿತು ನಾರಾಗಿದ್ದವು, ಅಷ್ಟೇ. ಅತ್ತೆ ಒಂದು ಮಾತೂ ಆಡಲಿಲ್ಲ, ಸುಮ್ನೆ ಕುಯ್ದು ಬುಟ್ಟಿಗೆ ಹಾಕಿಕೊಂಡರು.

ಬಕೆಟ್‌ಗೂ ಸಣ್ಣ ಚೀಲಕ್ಕೂ ಮಣ್ಣಿನ ಅಳತೆ ಹೆಚ್ಚುಕಡಿಮೆ ಒಂದೇ. ಆದರೂ ಬಕೆಟ್ ಗೆದ್ದಿದ್ದು ತೂತಿನಿಂದ. ಅದಕ್ಕೆ ನಾನು ತಳದಲ್ಲಿ ತೂತು ಮಾಡಿರಲಿಲ್ಲ. ತಳದಿಂದ ಒಂದು ಇಂಚು ಮೇಲೆ, ಪಕ್ಕದಲ್ಲಿ ಸುತ್ತಲೂ ಆರು ತೂತು ಕೊರೆದಿದ್ದೆ. ಆ ಒಂದು ಇಂಚಿನಲ್ಲಿ ನೀರು ಉಳಿಯುತ್ತದೆ, ಬೇರು ಅಲ್ಲಿಗೆ ಇಳಿದು ಕುಡಿಯುತ್ತದೆ. ಚೀಲದಲ್ಲಿ ಹೊಲಿಗೆಯಿಂದಲೂ ತೂತಿನಿಂದಲೂ ನೀರು ಹೋಗುತ್ತದೆ. ಕುಂಡ ಮೈಯಿಂದಲೇ ಬೆವರುತ್ತದೆ. ಏಪ್ರಿಲ್‌ನಲ್ಲಿ ನನ್ನ ದಿನಚರಿ ಹೀಗಿತ್ತು: ಕುಂಡಕ್ಕೆ ಬೆಳಿಗ್ಗೆ ಸಂಜೆ ಎರಡು ಹೊತ್ತು, ಚೀಲಕ್ಕೆ ದಿನಕ್ಕೊಮ್ಮೆ, ಬಕೆಟ್‌ಗೆ ದಿನ ಬಿಟ್ಟು ದಿನ, ಹಿತ್ತಲಿಗೆ ವಾರಕ್ಕೆ ಎರಡೇ ಸಲ. (ಬಕೆಟ್ ತರುವುದಾದರೆ ನೀರು ಬೆರೆಸಿ ಬಳಿಯುವ ಪೇಂಟಿನದು ಮಾತ್ರ ತನ್ನಿ, ತೊಳೆದು ಬಿಸಿಲಿಗಿಡಿ. ಆಯಿಲ್ ಪೇಂಟ್, ಥಿನ್ನರ್ ಡಬ್ಬ ಬೇಡ.)

ಸಣ್ಣ ಚೀಲದಲ್ಲಿ ಉಳಿದ ಆ ಒಂದು ಟೊಮೆಟೊ ಗಿಡ ಇನ್ನೊಂದು ಪಾಠ ಕಲಿಸಿತು. ಕಾಯಿ ಬಿಟ್ಟಿತು, ಆದರೆ ಒಂದೊಂದೇ ಕಾಯಿಯ ಅಡಿಭಾಗ ಕಪ್ಪಾಗಿ, ಒಣಗಿದ ಚರ್ಮದ ಹಾಗಾಯಿತು. ರೋಗ ಅಂತ ತಿಳಿದು ಬೇವಿನೆಣ್ಣೆ ಹೊಡೆದೆ. ಮೊಟ್ಟೆ ಸಿಪ್ಪೆ ಪುಡಿ ಮಾಡಿ ಹಾಕಿದೆ. ಏನೂ ಆಗಲಿಲ್ಲ. ಅದು ಕ್ಯಾಲ್ಸಿಯಂ ಕಾಯಿಗೆ ತಲುಪದೆ ಆಗುವ ತೊಂದರೆ. ಮಣ್ಣಲ್ಲಿ ಕ್ಯಾಲ್ಸಿಯಂ ಇದ್ದರೂ ಅದು ನೀರಿನ ಜೊತೆಗೇ ಮೇಲೆ ಹೋಗಬೇಕು. ಒಂದು ದಿನ ಒಣಗಿಸಿ, ಮರುದಿನ ಮುಳುಗಿಸಿದರೆ ಅದು ಹೋಗುವುದಿಲ್ಲ. ಮೊಟ್ಟೆ ಸಿಪ್ಪೆ ಕರಗುವುದಕ್ಕೆ ತಿಂಗಳುಗಟ್ಟಲೆ ಬೇಕು. ಬುಡಕ್ಕೆ ಎರಡು ಇಂಚು ತರಗೆಲೆ ಹೊದಿಸಿ, ದಿನಾ ಒಂದೇ ಹೊತ್ತಿಗೆ ಒಂದೇ ಅಳತೆ ನೀರು ಹಾಕತೊಡಗಿದ ಮೇಲೆ ಹೊಸ ಕಾಯಿಗಳು ಚೊಕ್ಕವಾಗಿ ಬಂದವು. 15 ಇಂಚಿನ ಚೀಲದಲ್ಲಾಗಲಿ ಹಿತ್ತಲಲ್ಲಾಗಲಿ ಈ ತೊಂದರೆ ಒಂದು ಕಾಯಿಗೂ ಬರಲಿಲ್ಲ. ಟೊಮೆಟೊಗೆ 12 ಇಂಚು ಸಾಕು ಅಂತ ಅಂಗಡಿಯಲ್ಲಿ ಹೇಳಿದರೆ ದಯವಿಟ್ಟು ನಂಬಬೇಡಿ.

ಹಾಗಾದರೆ ಎಲ್ಲವೂ ದೊಡ್ಡ ಚೀಲವೇ ಇರಲಿ ಅಂತ ನಾನೂ ಅಂದುಕೊಂಡಿದ್ದೆ. ತಡೆದವರು ಸಿವಿಲ್ ಎಂಜಿನಿಯರ್ ಆಗಿರುವ ನಮ್ಮ ಭಾವ. ಜನ ಓಡಾಡುವ ತಾರಸಿಗೆ ಐಎಸ್ 875 ಅನ್ನೋ ಕಟ್ಟಡದ ಭಾರದ ಮಾನದಂಡದಲ್ಲಿ ಚದರ ಮೀಟರಿಗೆ ಸುಮಾರು 150 ಕೆಜಿ ಭಾರದ ಲೆಕ್ಕ ಹಿಡಿಯುತ್ತಾರಂತೆ. ನೀರು ಕುಡಿದ 15 ಇಂಚಿನ ಚೀಲ ಏನಿಲ್ಲವೆಂದರೂ 40 ಕೆಜಿ ತೂಗುತ್ತದೆ. ಒಂದು ಚದರ ಮೀಟರಿನಲ್ಲಿ ನಾಲ್ಕು ಇಟ್ಟರೆ ಲೆಕ್ಕ ದಾಟಿತು. ಬರೀ ಮಣ್ಣು ತುಂಬಿದರೆ ಇನ್ನೂ ಭಾರ. ಅದಕ್ಕೇ ಈಗ ದೊಡ್ಡ ಚೀಲಗಳೆಲ್ಲ ಕೆಳಗೆ ಗೋಡೆ, ತೊಲೆ ಇರುವ ಸಾಲಿನಲ್ಲೇ ಬಿಡಿಬಿಡಿಯಾಗಿವೆ. ನಡುವೆ ಹಗುರವಾದ ಸೊಪ್ಪಿನ ಟಬ್ಬು ಮಾತ್ರ. ಎಲ್ಲವನ್ನೂ ಇಟ್ಟಿಗೆ ಮೇಲೆ ಎತ್ತರಿಸಿದ್ದೇನೆ, ತಾರಸಿಯಲ್ಲಿ ತೇವ ನಿಲ್ಲಬಾರದಲ್ಲ.

ಇನ್ನು ಮಳೆಗಾಲ. ಬೇಸಿಗೆಯಲ್ಲಿ ಗೆದ್ದವರೆಲ್ಲ ಜುಲೈನಲ್ಲಿ ಸೋತರು. ಬಕೆಟ್‌ನ ಆ ಒಂದು ಇಂಚು ನೀರೇ ಈಗ ಶತ್ರುವಾಯಿತು. ಜಿಟಿಜಿಟಿ ಮಳೆ ಹಿಡಿದ ವಾರದಲ್ಲಿ ಮಣ್ಣು ಹುಳಿ ವಾಸನೆ ಹೊಡೆಯಿತು, ಮೆಣಸಿನ ಗಿಡ ಕೊಳೆಯಿತು. ತಳಕ್ಕೂ ನಾಲ್ಕು ತೂತು ಕೊರೆದು ಬೇಸಿಗೆಗೆ ಬೂಚು ಹಾಕುವ ಉಪಾಯ ಆಮೇಲೆ ಮಾಡಿಕೊಂಡೆ. ಹಿತ್ತಲಲ್ಲಿ ಅಂಗೈಯಷ್ಟು ದೊಡ್ಡ ಶಂಖದ ಹುಳುಗಳು ರಾತ್ರಿ ಹೊರಟು ಬೆಂಡೆಯ ಎಳೆ ಸಸಿಗಳನ್ನು ಪೂರ್ತಿ ಮುಗಿಸಿದವು. ಒಂದು ಕೈಯಲ್ಲಿ ಟಾರ್ಚ್ ಹಿಡಿದು, ಇನ್ನೊಂದು ಕೈಗೆ ಪ್ಲಾಸ್ಟಿಕ್ ಕವರ್ ತೊಟ್ಟು, ಹೆಕ್ಕಿ ಉಪ್ಪು ನೀರಿಗೆ ಹಾಕುವುದು ಬಿಟ್ಟರೆ ದಾರಿಯೇ ಇರಲಿಲ್ಲ. ಆ ತಿಂಗಳು ನಗುನಗುತ್ತಾ ಇದ್ದದ್ದು ಮಣ್ಣಿನ ಕುಂಡ ಒಂದೇ. ಎಷ್ಟು ಮಳೆ ಬಿದ್ದರೂ ಅದರ ಮೈ ಉಸಿರಾಡುತ್ತದೆ. ಕೊತ್ತಂಬರಿ, ಮೆಂತ್ಯ ಮಳೆಗಾಲದಲ್ಲಿ ನನಗೆ ಸಿಕ್ಕಿದ್ದು ಅದರಲ್ಲೇ.

ಬದನೆಯಲ್ಲಿ ಹಿತ್ತಲಿಗೆ ಸಾಟಿಯೇ ಇಲ್ಲ. ತಾರಸಿಯ ಗಿಡ ಸೊಂಟದೆತ್ತರ ಬಂದರೆ ಕೆಳಗಿನದು ನನ್ನ ಹೆಗಲು ಮುಟ್ಟಿತು. ಕಾಯಿಯೂ ಒಂದಕ್ಕೆರಡು. ಬೆಂಡೆಯೂ ಅಷ್ಟೇ, ತಾಯಿಬೇರು ಆಳಕ್ಕೆ ಹೋದಷ್ಟೂ ಕಾಯಿ. ದಂಟು, ಹರಿವೆ ಸೊಪ್ಪಿಗೆ ಅಂಥ ವ್ಯತ್ಯಾಸ ಕಾಣಲಿಲ್ಲ. ಎಲ್ಲಿ ಬೆಳೆದರೂ ಬಸ್ಸಾರಿಗೆ ಒದಗುತ್ತದೆ.

ಟೊಮೆಟೊ ವಿಷಯದಲ್ಲಿ ಮಾತ್ರ ನಾನು ಅತ್ತೆಯ ಮಾತು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಹಿತ್ತಲಿನ ಟೊಮೆಟೊ ಮೇ ಹೊತ್ತಿಗೆ ಯಾಕೋ ಕಂಗಾಲಾಯಿತು. ನೀರಿದ್ದರೂ ಮಧ್ಯಾಹ್ನ ಬಾಡುವುದು, ಸಂಜೆ ಏಳುವುದು. ಕಿತ್ತು ನೋಡಿದರೆ ಬೇರಿನ ತುಂಬ ಗಂಟು. ಮಣ್ಣಿನಲ್ಲಿರುವ, ಕಣ್ಣಿಗೆ ಕಾಣದ ಜಂತುಹುಳುವಿನ (ನೆಮಟೋಡ್) ಕೆಲಸ. ಬದನೆ, ಟೊಮೆಟೊ, ಮೆಣಸಿನಕಾಯಿ ಮೂರೂ ಒಂದೇ ಕುಲ. ವರ್ಷಗಳಿಂದ ಅದೇ ಪಾತಿಯಲ್ಲಿ ಅವನ್ನೇ ಹಾಕುತ್ತಾ ಬಂದಿದ್ದೆವು. ಚೀಲದಲ್ಲಾದರೆ ಮಣ್ಣು ಸುರಿದು, ಏಪ್ರಿಲ್ ಬಿಸಿಲಿಗೆ ತೆಳ್ಳಗೆ ಹರಡಿ ಒಣಗಿಸಿ ಮತ್ತೆ ತುಂಬಬಹುದು. ನೆಲವನ್ನು ಹಾಗೆ ಎತ್ತಿ ಒಣಗಿಸಲು ಆಗುತ್ತದಾ? 15 ಇಂಚಿನ ಚೀಲದ ಎರಡು ಗಿಡ ಜೂನ್ ಮೊದಲ ವಾರದವರೆಗೂ ಸಾರಿಗೆ ಹುಳಿಯಾದ ಹಣ್ಣು ಕೊಟ್ಟವು.

ಅತ್ತೆ ಆ ಗಂಟು ಬೇರನ್ನು ಕೈಯಲ್ಲಿ ಹಿಡಿದು ತುಂಬ ಹೊತ್ತು ನೋಡಿದರು. ಈ ವರ್ಷ ಆ ಪಾತಿಗೆ ಚೆಂಡು ಹೂ ಹಾಕಿದ್ದಾರೆ, ಅದರ ಬೇರು ಈ ಹುಳುವಿನ ಕಾಟ ತಗ್ಗಿಸುತ್ತದೆ. ಬದನೆ ಪಕ್ಕದ ಪಾತಿಗೆ ಹೋಯಿತು. ಟೊಮೆಟೊ ಬೀಜವನ್ನು ಬೂದಿಯಲ್ಲಿ ಹೊರಳಿಸಿ ಒಣಗಿಸಿ, ಪೊಟ್ಟಣ ಕಟ್ಟಿ, ನನ್ನ ಕೈಗೇ ಕೊಟ್ಟರು. "ಮೇಲೆ ಹಾಕಮ್ಮ" ಅಂದರು.