ಅರೋರಾ ನೋಡೋಕೆ ಸ್ಟೀವರ್ಟ್ ದ್ವೀಪವಾ, ಬ್ರೂನಿ ದ್ವೀಪವಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬ್ರೂನಿಗೆ. ಸ್ಟೀವರ್ಟ್ ಕೆಟ್ಟ ಜಾಗ ಅಂತಲ್ಲ. ಕಾಡು, ಕಿವಿ ಹಕ್ಕಿ, ಅಲ್ಲಿನ ಜನ ಎಲ್ಲ ಇಷ್ಟವಾಯಿತು. ಆದರೆ ಹೋಗುವುದು ಅರೋರಾ, ಅಂದರೆ ಧ್ರುವಗಳ ಕಡೆ ರಾತ್ರಿ ಆಕಾಶದಲ್ಲಿ ಕಾಣುವ ಬೆಳಕಿನಾಟ, ನೋಡೋಕೇ ಅಂತಾದರೆ, ಅದರಲ್ಲೂ ನನ್ನ ಹಾಗೆ ಮೆಲ್ಬರ್ನ್‌ನಲ್ಲಿ ಕೆಲಸ ಮಾಡಿಕೊಂಡು ಶುಕ್ರವಾರ ಸಂಜೆ ಬ್ಯಾಗ್ ಎತ್ತಿಕೊಳ್ಳುವವರಾದರೆ, ಟಾಸ್ಮೇನಿಯಾದ ಬ್ರೂನಿಯೇ ಸರಿ.

ನಕ್ಷೆಯಲ್ಲಿ ನೋಡಿದರೆ ನ್ಯೂಜಿಲೆಂಡಿನ ಸ್ಟೀವರ್ಟ್ ಗೆಲ್ಲಬೇಕು. ಅದು 47 ಡಿಗ್ರಿ ದಕ್ಷಿಣ, ಬ್ರೂನಿ 43. ಆದರೆ ಅರೋರಾ ಸುತ್ತುವುದು ಭೂಮಿಯ ಕಾಂತಧ್ರುವದ ಸುತ್ತ. ದಕ್ಷಿಣದ ಕಾಂತಧ್ರುವ ಆಸ್ಟ್ರೇಲಿಯಾದ ಕಡೆಗೆ ಸರಿದುಕೊಂಡಿದೆ. ಹಾಗಾಗಿ ಆ ನಾಲ್ಕು ಡಿಗ್ರಿಯ ಲಾಭ ಬಹುಪಾಲು ಹೋಯಿತು.

ಕತ್ತಲಲ್ಲಿ ಸ್ಟೀವರ್ಟೇ ಮೇಲು. 2019ರಲ್ಲಿ ಅದಕ್ಕೆ ಡಾರ್ಕ್ ಸ್ಕೈ ಸ್ಯಾಂಕ್ಚುರಿ (ಕತ್ತಲ ಆಕಾಶದ ತಾಣ) ಅನ್ನುವ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿದೆ. ಬ್ರೂನಿಯಲ್ಲಿ ಟಾಸ್ಮೇನಿಯಾದ ರಾಜಧಾನಿ ಹೋಬಾರ್ಟ್‌ನ ದೀಪಗಳ ಮಬ್ಬು ಕಾಣುತ್ತದೆ, ಆದರೆ ಅದು ಉತ್ತರಕ್ಕೆ. ನಾವು ನೋಡುವುದು ದಕ್ಷಿಣಕ್ಕೆ ಅಲ್ವಾ?

ಈಗ ನನ್ನ ತಲೆ ಕೆಡಿಸಿದ ವಿಷಯ. ನ್ಯೂಜಿಲೆಂಡಿನ ದಕ್ಷಿಣ ತುದಿಯ ಬ್ಲಫ್ ಬಂದರಿನಿಂದ ಸ್ಟೀವರ್ಟ್‌ನ ಊರಾದ ಓಬನ್‌ಗೆ ಹೋಗುವ ಬೋಟಿನಲ್ಲಿ ಬಾಡಿಗೆ ಕಾರು ಒಯ್ಯೋಕಾಗಲ್ಲ, ಬ್ಲಫ್‌ನಲ್ಲೇ ಬಿಡಬೇಕು. ದ್ವೀಪದಲ್ಲೇ ಬೇರೆ ಕಾರು ಹಿಡಿದರೂ ಓಡಿಸುವುದು ಎಲ್ಲಿಗೆ? ರಸ್ತೆ ಇರುವುದೇ ಸುಮಾರು 28 ಕಿ.ಮೀ., ಅದೂ ಓಬನ್ ಸುತ್ತಮುತ್ತ, ಉಳಿದದ್ದೆಲ್ಲ ಕಾಡು. ಓಬನ್ ಮೇಲೆ ಮೋಡ ಕೂತರೆ ಆ ರಾತ್ರಿಯ ಕಥೆ ಮುಗಿಯಿತು.

ನನಗೆ ಆಗಿದ್ದೂ ಅದೇ. ಕೆಪಿ 6 ಅಂತ (ಭೂಮಿಯ ಕಾಂತಕ್ಷೇತ್ರ ಎಷ್ಟು ಕದಡಿದೆ ಅಂತ ಹೇಳುವ 0ಯಿಂದ 9ರ ಅಳತೆ ಇದು, ಜಾಸ್ತಿ ಇದ್ದಷ್ಟೂ ಅರೋರಾ ಜೋರು) ಫೋನು ಬಡಿದುಕೊಳ್ಳುತ್ತಿದೆ, ನಾನು ಓಬನ್ ಪಕ್ಕದ ಅಬ್ಸರ್ವೇಶನ್ ರಾಕ್ ಅನ್ನುವ ಗುಡ್ಡದ ಮೇಲೆ ರೇನ್‌ಕೋಟ್ ಹಾಕಿಕೊಂಡು ನಿಂತಿದ್ದೇನೆ. ಸುಮಾರು 30 ಕಿ.ಮೀ. ಅಗಲದ ಜಲಸಂಧಿಯ ಆಚೆ, ಇನ್ವರ್‌ಕಾರ್ಗಿಲ್ ಕಡೆಯವರು ಗುಲಾಬಿ ಆಕಾಶದ ಫೋಟೊ ಮೇಲೆ ಫೋಟೊ ಹಾಕುತ್ತಿದ್ದಾರೆ. ಅಲ್ಲಿಗೆ ಓಡೋಣ ಅಂದರೆ ರಾತ್ರಿ ಬೋಟಿಲ್ಲ. ಬೆಳಿಗ್ಗೆಯ ಬೋಟು ಅಲೆ ಜಾಸ್ತಿ ಅಂತ ರದ್ದಾಯಿತು, ಅದು ಬೇರೆ.

ಇದನ್ನೇ ಯಾಕೆ ಇಷ್ಟು ಎಳೆಯುತ್ತಿದ್ದೇನೆ ಅಂದರೆ, ಅರೋರಾದ ನಂಬುವಂಥ ಮುನ್ಸೂಚನೆ ಸಿಗುವುದು ತೀರಾ ಕೊನೆಗೆ. ಅರೋರಾಕ್ಕೆ ಕಾರಣವಾಗುವ ಸೌರಗಾಳಿಯನ್ನು (ಸೂರ್ಯನಿಂದ ಹರಿದುಬರುವ ಕಣಗಳು) ಅಳೆಯುವ ಉಪಗ್ರಹ ಇರುವುದು ನಮ್ಮಿಂದ 15 ಲಕ್ಷ ಕಿ.ಮೀ. ದೂರದಲ್ಲಿ. ಅಲ್ಲಿಂದ ಗಾಳಿ ಇಲ್ಲಿಗೆ ಬರೋಕೆ ಸುಮಾರು ಒಂದು ಗಂಟೆ, ಬಿರುಸಾಗಿದ್ದರೆ ಇನ್ನೂ ಕಡಿಮೆ. ಎರಡು ದಿನ ಮೊದಲು ಹೇಳುವುದೆಲ್ಲ ಅಂದಾಜು. ಆ ಒಂದು ಗಂಟೆಯಲ್ಲಿ ಮೋಡ ಇಲ್ಲದ ಕಡೆಗೆ ಓಡೋಕೆ ಆಗಬೇಕು, ಅದಕ್ಕೆ ಕಾರು ಬೇಕು, ರಸ್ತೆಯೂ ಬೇಕು.

ಬ್ರೂನಿಯಲ್ಲಿ ಎರಡೂ ಇವೆ. ಹೋಬಾರ್ಟ್‌ನ ದಕ್ಷಿಣಕ್ಕಿರುವ ಕೆಟರಿಂಗ್‌ನಲ್ಲಿ ಕಾರು ಸಮೇತ ಫೆರಿ ಹತ್ತಿದರೆ 20 ನಿಮಿಷ. ದ್ವೀಪದ ನಡುವೆ ಇರುವ ಸಣ್ಣ ಮರಳಪಟ್ಟಿ, ನೆಕ್ ಅಂತಾರೆ, ಅಲ್ಲಿ ಮೋಡ ಇತ್ತು. ಕೇಪ್ ಬ್ರೂನಿ ಲೈಟ್‌ಹೌಸ್ ಕಡೆಗೆ ಓಡಿಸಿದೆವು, ಅಲ್ಲಿ ಆಕಾಶ ತೆರೆದಿತ್ತು. ಎದುರಿಗೆ ಬರೀ ಸಮುದ್ರ.

ಕಣ್ಣಿಗೆ ಕಂಡಿದ್ದು ಮಾಸಲು ಬಿಳಿ ಪಟ್ಟಿ, ಅದರಿಂದ ಮೇಲೇಳುವ ಉದ್ದುದ್ದ ಗೆರೆಗಳು. ಬಣ್ಣ ಕ್ಯಾಮೆರಾದಲ್ಲಿ, ಅದೂ ಕೆಂಪೇ ಜಾಸ್ತಿ. ಹಸಿರು ಹುಟ್ಟುವುದು ಸುಮಾರು 100 ಕಿ.ಮೀ. ಎತ್ತರದಲ್ಲಿ, ಕೆಂಪು 200ಕ್ಕೂ ಮೇಲೆ, ಹಾಗಾಗಿ ದೂರದಿಂದ ನೋಡುವವರಿಗೆ ಮೇಲಿನ ಕೆಂಪಷ್ಟೇ ಸುಲಭವಾಗಿ ಕಾಣುತ್ತದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ನಡೆಸುವ ಲಡಾಖ್‌ನ ಹಾನ್ಲೆ ವೀಕ್ಷಣಾಲಯದಲ್ಲಿ 2024ರ ಮೇ ತಿಂಗಳ ಸೌರಬಿರುಗಾಳಿಗೆ ಕಂಡಿದ್ದೂ ಕೆಂಪೇ.

ಬ್ರೂನಿಯ ಕಿರಿಕಿರಿ: ರಾತ್ರಿ ರಸ್ತೆ ತುಂಬಾ ವಾಲಬಿಗಳು (ಸಣ್ಣ ಕಾಂಗರೂ ಥರದ ಪ್ರಾಣಿ). ನಿಧಾನಕ್ಕೆ ಓಡಿಸಿ. ನೆಕ್‌ನಲ್ಲಿ ಪೆಂಗ್ವಿನ್‌ಗಳಿವೆ, ಕೆಂಪು ಟಾರ್ಚ್ ಮಾತ್ರ. ಸಸ್ಯಾಹಾರಿಗಳು ಅವಲಕ್ಕಿ ಕಟ್ಟಿಕೊಳ್ಳಿ, ಎರಡೂ ಕಡೆ.

ಖರ್ಚಿನಲ್ಲಂತೂ ಹೋಲಿಕೆಯೇ ಇಲ್ಲ. ಹೋಬಾರ್ಟ್‌ಗೆ ವಿಮಾನದಲ್ಲಿ ಒಂದು ಗಂಟೆ ಚಿಲ್ಲರೆ. ಸ್ಟೀವರ್ಟ್‌ಗೆ ಎರಡು ವಿಮಾನ, ಒಂದು ಕಾರು, ಒಂದು ಬೋಟು, ಅದೆಲ್ಲ ತಿಂಗಳ ಮೊದಲೇ ಬುಕ್ ಮಾಡಬೇಕು. ವಾರಗಟ್ಟಲೆ ರಜೆ ಇದ್ದು, ಅರೋರಾ ಬರದಿದ್ದರೂ ಕಿವಿ ನೋಡಿ ಖುಷಿಪಡುವವರು ಅಲ್ಲಿಗೇ ಹೋಗಿ.

ಯಾವಾಗ ಅಂದರೆ, ಹಗಲು ರಾತ್ರಿ ಸಮ ಇರುವ ಮಾರ್ಚ್, ಸೆಪ್ಟೆಂಬರ್ ಆಸುಪಾಸು ಅರೋರಾ ಜಾಸ್ತಿ, ಚಂದ್ರನೂ ಇರಬಾರದು. ಲೆಕ್ಕ ಹಾಕಿದರೆ ಯುಗಾದಿ ಅಮಾವಾಸ್ಯೆಗೇ ಬಂದು ನಿಲ್ಲುತ್ತದೆ. ಹಬ್ಬದ ದಿನ ಮನೆಯಲ್ಲಿರಬೇಕು ಅಂತ ನನ್ನ ಹೆಂಡತಿಯ ಹಟ, ಆ ಮಾತುಕತೆ ಇನ್ನೂ ಬಾಕಿ ಇದೆ.