ಹಳೇ ಎಸ್‌ಯುವಿಗೆ ಹೊಸ ಸ್ಪ್ರಿಂಗ್, ಶಾಕ್ ಹಾಕೋರು ಬ್ರೇಕ್ ಹೋಸ್ ಮೇಲೆ ಕಣ್ಣಿಡಿ

ಹಿಂದಿನ ಕಾಯಿಲ್ ಸ್ಪ್ರಿಂಗ್, ಅದರ ಕುಲುಕಾಟ ತಡೆಯುವ ಶಾಕ್ (ಶಾಕ್ ಅಬ್ಸಾರ್ಬರ್) ಎರಡನ್ನೂ ಬದಲಿಸಿ ಮೂರು ವಾರ ಆಗಿತ್ತು. ಇಳಿಜಾರಿನಲ್ಲಿ ಬ್ರೇಕ್ ಒತ್ತಿದೆ, ಪೆಡಲ್ ಎಂದಿನ ಜಾಗದಲ್ಲಿ ನಿಲ್ಲದೆ ಕೆಳಗೆ ಇಳಿಯುತ್ತಲೇ ಹೋಯಿತು. ಡ್ಯಾಶ್‌ಬೋರ್ಡಲ್ಲಿ ಕೆಂಪು ದೀಪ. ಮುಂದಿನ ಗಾಲಿಗಳ ಬ್ರೇಕ್ ಲೈನ್ ಬೇರೆ ಇದ್ದದ್ದರಿಂದ ಗಾಡಿ ಹೇಗೋ ನಿಂತಿತು. ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೆಳಗೆ ತೂರಿ ಟಾರ್ಚ್ ಬಿಟ್ಟು ನೋಡಿದರೆ ಚಾಸಿಯಿಂದ ಹಿಂದಿನ ಆಕ್ಸಲ್‌ಗೆ (ಹಿಂದಿನ ಎರಡೂ ಗಾಲಿ ಜೋಡಿಸುವ ದಂಡ) ಬ್ರೇಕ್ ಆಯಿಲ್ ಒಯ್ಯುವ ರಬ್ಬರ್ ಹೋಸ್ ಒದ್ದೆ. ನಡುವೆ ಎಲ್ಲೂ ಏನೂ ಆಗಿಲ್ಲ. ಮೇಲ್ತುದಿಯಲ್ಲಿ ರಬ್ಬರ್ ಲೋಹದೊಳಗೆ ಹೋಗುವ ಬುಡದಲ್ಲಿ ಉಗುರಿನ ಅಗಲದ ಬಿರುಕು, ಸುತ್ತ ಬ್ರೇಕ್ ಆಯಿಲ್‌ಗೆ ಧೂಳು ಅಂಟಿ ಕಪ್ಪು ಉಂಗುರ ಕಟ್ಟಿತ್ತು. ಅದು ಶುರುವಾಗಿದ್ದು ರಸ್ತೆಯಲ್ಲಿ ಅಲ್ಲ, ನಾವು ಸ್ಪ್ರಿಂಗ್ ಹಾಕಿದ ದಿನವೇ.

ಹಿಂದೆ ಗಟ್ಟಿ ಆಕ್ಸಲ್ ಇರುವ ಎಷ್ಟೋ ಗಾಡಿಗಳಲ್ಲಿ ಆಕ್ಸಲ್ ತೀರಾ ಕೆಳಗೆ ಬೀಳದಂತೆ ಹಿಡಿದಿರುವುದು ಶಾಕ್. ಎರಡೂ ಶಾಕ್ ಬಿಚ್ಚಿದರೆ ಆಕ್ಸಲ್ ಜೋತು ಬೀಳುತ್ತದೆ, ಆಮೇಲೆ ಅದರ ಭಾರ ಹೋಸ್ ಮೇಲೇ ಅಲ್ವಾ? ನಮ್ಮ ಹೊಸ ಸ್ಪ್ರಿಂಗ್ ಹಳೆಯದಕ್ಕಿಂತ ಉದ್ದ, ಹಳೆಯದು ವರ್ಷಗಟ್ಟಲೆ ಭಾರ ಹೊತ್ತು ಕುಗ್ಗಿತ್ತು, ಹಾಗಾಗಿ ಹೊಸದು ಜಾಗಕ್ಕೆ ಹೋಗಲಿಲ್ಲ ಅಂತ ಗೆಳೆಯ ಆಕ್ಸಲ್ ಮೇಲೆ ಕಾಲಿಟ್ಟು ಒತ್ತಿದ, ನಾನು ಸ್ಪ್ರಿಂಗ್ ತೂರಿಸಿದೆ. ಹೋಸ್ ತಂತಿಯ ಹಾಗೆ ಬಿಗಿದು ನಿಂತದ್ದು ಇಬ್ಬರಿಗೂ ಕಾಣಿಸಿತ್ತು. ಆಗಲೇ ನಿಲ್ಲಿಸಬೇಕಿತ್ತು.

ದಯವಿಟ್ಟು ಹೀಗೆ ಮಾಡಿ. ಗಾಡಿಯನ್ನು ಚಾಸಿ ಕೆಳಗೆ ಸ್ಟ್ಯಾಂಡ್ ಕೊಟ್ಟು ನಿಲ್ಲಿಸಿ, ಬರೀ ಜಾಕ್ ನಂಬಿ ಕೆಳಗೆ ಹೋಗಲೇಬೇಡಿ. ಆಕ್ಸಲ್ ಕೆಳಗೆ ಇನ್ನೊಂದು ಜಾಕ್ ಇರಲಿ. ಶಾಕ್ ಬಿಚ್ಚುವ ಮೊದಲೇ ಹೋಸನ್ನು ಹಿಡಿದಿರುವ ಕ್ಲಿಪ್ ಬಿಡಿಸಿ, ಎಬಿಎಸ್ ವೈರ್ (ಗಾಲಿಯ ವೇಗ ಅಳೆಯುವ ಸೆನ್ಸರಿನದು) ಇದ್ದರೆ ಅದನ್ನೂ, ಆಕ್ಸಲ್ ಒಳಗಿನ ಗಾಳಿ ಆಡಲು ಇರುವ ಪೈಪನ್ನೂ ಸಡಿಲ ಮಾಡಿ. ಆಮೇಲೆ ಜಾಕ್ ನಿಧಾನ ಇಳಿಸುತ್ತಾ ಒಬ್ಬರು ಹೋಸನ್ನೇ ನೋಡುತ್ತಿರಲಿ. ಅಷ್ಟಾದರೂ ಉದ್ದ ಸಾಲದಿದ್ದರೆ ಹೋಸ್ ಬಿಚ್ಚಿ, ಕೊನೆಗೆ ಬ್ರೇಕ್ ಲೈನಿನೊಳಗೆ ಸೇರಿದ ಗಾಳಿ ತೆಗೆಯಿರಿ. ಅರ್ಧ ದಿನ ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ.

ಇನ್ನೊಂದು ತಪ್ಪು ತಿಂಗಳುಗಳಾದ ಮೇಲೆ ಗೊತ್ತಾಯಿತು. ಶಾಕ್‌ನ ಕೆಳಗಿನ ಬೋಲ್ಟ್, ಆಕ್ಸಲ್ ಹಿಡಿದಿರುವ ಲಿಂಕ್‌ಗಳ ಬೋಲ್ಟ್ ಎಲ್ಲವನ್ನೂ ಗಾಲಿ ಗಾಳಿಯಲ್ಲಿ ತೇಲುತ್ತಿರುವಾಗಲೇ ಪೂರ್ತಿ ಬಿಗಿ ಮಾಡಿಬಿಟ್ಟಿದ್ದೆವು. ಈ ಬೋಲ್ಟ್ ಹಾದುಹೋಗುವ ಬುಷ್‌ನ (ರಬ್ಬರ್ ತುಂಬಿದ ಉಂಗುರ) ರಬ್ಬರ್ ಒಳಗಿನ ಕೊಳವೆಗೆ ಅಂಟಿಕೊಂಡೇ ಇರುತ್ತದೆ, ಬಿಗಿ ಮಾಡಿದ ಕ್ಷಣ ಯಾವ ಕೋನದಲ್ಲಿತ್ತೋ ಅದೇ ಅದರ ನೆಮ್ಮದಿಯ ಸ್ಥಿತಿ. ಗಾಡಿ ನೆಲಕ್ಕಿಳಿದ ಮೇಲೆ ಅದು ನಿಂತಲ್ಲೂ ತಿರುಚಿಕೊಂಡೇ ಇರುತ್ತದೆ. ನಮ್ಮದು ಹರಿದು ಪ್ರತಿ ಹಂಪ್‌ಗೂ ಕಟ್ ಕಟ್ ಸದ್ದು. ಬೋಲ್ಟ್ ಸುಮ್ನೆ ಕೈಬಿಗಿ ಇರಲಿ, ಗಾಡಿ ತನ್ನ ಗಾಲಿ ಮೇಲೆ ನಿಲ್ಲಲಿ, ಒಂದೆರಡು ಸಲ ಒತ್ತಿ ಕುಲುಕಿಸಿ, ಆಮೇಲೆ ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟೇ ಬಿಗಿ ಮಾಡಿ.

ಶಾಕ್‌ನ ಮೇಲಿನ ನಟ್ ಬಿಚ್ಚುವಾಗ ಒಳಗಿನ ಕಡ್ಡಿಯೂ ಜೊತೆಗೆ ತಿರುಗಿದರೆ ಆ ಹೊಳೆಯುವ ಕಡ್ಡಿಯನ್ನು ಇಕ್ಕಳದಲ್ಲಿ ಹಿಡಿಯಬೇಡಿ, ಒಂದು ಗೀರು ಬಿದ್ದರೂ ಸೀಲ್ ಸೋರುತ್ತದೆ. ತುಕ್ಕು ಹಿಡಿದ ಬೋಲ್ಟ್‌ಗೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಬಿಡಿ, ಗ್ಯಾಸ್ ತುಂಬಿದ ಶಾಕ್ ಹತ್ತಿರ ಬೆಂಕಿ ಬೇಡವೇ ಬೇಡ. ಸ್ಪ್ರಿಂಗ್‌ನ ಕೆಳತುದಿ ಅದು ಕೂರುವ ತಟ್ಟೆಯ ಗುಂಡಿಯಲ್ಲಿ ಸರಿಯಾಗಿ ಕೂತಿದೆಯಾ ಅಂತ ಬೆರಳಿಟ್ಟು ನೋಡಿ.

ಮುಂದಿನ ಗಾಲಿಗಳ ಸ್ಪ್ರಿಂಗ್ ನಾನು ಮುಟ್ಟಲಿಲ್ಲ. ಶಾಕ್ ಸುತ್ತಲೇ ಸ್ಪ್ರಿಂಗ್ ಇರುವ ಕಡೆ ಅದನ್ನು ಅದುಮಿ ಹಿಡಿದೇ ಮೇಲಿನ ನಟ್ ಬಿಚ್ಚಬೇಕು. ಆ ಹಿಡಿತ ಜಾರಿದರೆ ಕೈ ಮುಖ ಉಳಿಯುವುದಿಲ್ಲ. ಅದನ್ನು ಸರಿಯಾದ ಸಲಕರಣೆ ಇರುವ ವರ್ಕ್‌ಶಾಪಿಗೇ ಕೊಟ್ಟೆ.

ಇತ್ತೀಚೆಗೆ ಯಾರಾದರೂ ಈ ಕೆಲಸ ಮಾಡಿಸಿದ್ದರೆ, ನಾಳೆ ಗಾಡಿ ತೆಗೆಯುವ ಮೊದಲು ಒಬ್ಬರನ್ನು ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿಯಲು ಹೇಳಿ, ನೀವು ಪಕ್ಕದಿಂದ ಬಗ್ಗಿ ಹೋಸ್‌ನ ಎರಡೂ ತುದಿ ನೋಡಿ. ಧೂಳಿನ ಕಪ್ಪು ಉಂಗುರ ಕಂಡರೆ ಗಾಡಿ ಹೊರಗೆ ತೆಗೆಯಬೇಡಿ.